ಬಿರುಕು ಬಿಟ್ಟ ಪ್ಲೇಟು: ಹಚ್ಚೋಣೋ, ಬ್ಯಾಡೋ?

ಹುಬ್ಬಳ್ಳಿ ದುರ್ಗದಬೈಲಿನ ಹಿಂದಿನ ಒಂದು ಓಣಿ. ಭಾನುವಾರ ಮಧ್ಯಾಹ್ನ ನಾಲ್ಕು ಗಂಟೆ. ಗಡಿಯಾರ ರಿಪೇರಿ ಅಂಗಡಿಯ ಶಟರ್ ಅರ್ಧ ಇಳಿದಿದೆ. ಒಳಗೆ ಇಸ್ಪೀಟು ನಡೆದಿರಬೇಕೆಂದು ಹಾದಿಹೋಕರಿಗೆ ಗುಮಾನಿ ಬಂದರೆ ತಪ್ಪಲ್ಲ. ಆದರೆ ಬಗ್ಗಿ ಒಳಹೊಕ್ಕರೆ ಕಾಣುವುದು ಬೇರೆಯೇ ಚಟ. ಗೋಡೆಯ ತುಂಬ ನಿಂತ ಗಡಿಯಾರಗಳು, ಮೇಜಿನ ಮೇಲೆ ತಿರುಗುವ ಪ್ಲೇಟು, ಸುತ್ತ ಆರು ಮಂದಿ, ಆರು ಕಪ್ಪು ಚಹಾ.

ತಿಂಗಳಿಗೊಮ್ಮೆ ಇವರು ಇಲ್ಲಿ ಸೇರುತ್ತಾರೆ. ಸಂಘವಿಲ್ಲ, ಅಧ್ಯಕ್ಷರಿಲ್ಲ, ವಂತಿಗೆ ಇಲ್ಲ. ಕಟ್ಟಳೆ ಮೂರೇ ಮೂರು. ಹೋದ ಸಲದಿಂದೀಚೆಗೆ ಕೊಂಡ ಹಾಡಿನ ಸಾಮಾನು ಒಂದಾದರೂ ತರಬೇಕು. ಕೊಟ್ಟ ದುಡ್ಡಿನ ಬಗ್ಗೆ ಸುಳ್ಳು ಹೇಳಬಾರದು. ಹಾಡು ಕೇಳಿದ ಮೇಲೆ ಉಳಿದವರು ಏನೇ ಅಂದರೂ ಸಿಟ್ಟಾಗಬಾರದು. ಮೂರನೆಯ ಕಟ್ಟಳೆ ಮಾತ್ರ ಪ್ರತಿ ಸಲವೂ ಮುರಿಯುತ್ತದೆ!

ಅರವತ್ತು ರೂಪಾಯಿಯ ಪ್ರೇಮ

ಮೊದಲ ಸರದಿ ಸ್ಟೇಷನರಿ ಅಂಗಡಿಯ ಸಾವಕಾರರದು. ಜೋಬಿನಿಂದ ತೆಗೆದದ್ದು 'ಪ್ರೇಮಲೋಕ' ಕ್ಯಾಸೆಟ್ಟು.

"ಎಷ್ಟಕ್ಕ ಬಿತ್ರಿ ಸಾವಕಾರ್ರ?"

"ಅರವತ್ತು ರೂಪಾಯಿ. ಡಬ್ಬಿ ಒಡದೈತಿ. ರೀಲ್ ಮಾತ್ರ ಗಟ್ಟಿ ಐತಿ ನೋಡ್ರಿ."

1987ರಲ್ಲಿ ಆ ಸಿನಿಮಾ ಬಂದಾಗ ಇವರಿನ್ನೂ ಅಂಗಡಿಯ ಗಲ್ಲೆಯ ಮೇಲೆ ಕೂರದ ಹುಡುಗ. ರವಿಚಂದ್ರನ್ ಚಿತ್ರ, ಹಂಸಲೇಖರ ಹಾಡು. ಚಹಾದಂಗಡಿ, ಕಟಿಂಗ್ ಅಂಗಡಿ, ಟೆಂಪೋ ಎಲ್ಲೆಲ್ಲೂ ಅದೇ ಧಾಟಿ. ಕನ್ನಡ ಹಾಡಿನ ಕ್ಯಾಸೆಟ್ಟು ದೊಡ್ಡ ವ್ಯಾಪಾರ ಆಗಬಲ್ಲದು ಎಂಬುದನ್ನು ಅಂಗಡಿಕಾರರಿಗೆ ತೋರಿಸಿಕೊಟ್ಟದ್ದು ಆ ಕ್ಯಾಸೆಟ್ಟು.

ಹಾಡು ಮುಗಿಯಿತು. ಅಭಿಪ್ರಾಯ ಶುರುವಾಯಿತು. "ನಾಕು ಹಾಡು ಅಮೃತ, ಉಳಿದದ್ದು ಕುಣಿಯೋವ್ರಿಗೆ" ಎಂದರು ನಿವೃತ್ತ ಕಂಡಕ್ಟರ್ ಕಾಕಾ. ಸಾವಕಾರರ ಮುಖ ಕೆಂಪಾಯಿತು. ಮೂರನೆಯ ಕಟ್ಟಳೆ ಹೋಯಿತು!

ಸಂಗೀತದ ಟೀಚರ್ ತಂದದ್ದು 'ನಿತ್ಯೋತ್ಸವ'. ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳು, ಮೈಸೂರು ಅನಂತಸ್ವಾಮಿಯವರ ರಾಗ ಸಂಯೋಜನೆ. 1978ರಲ್ಲಿ ಬಂದ ಇದು ಕನ್ನಡ ಸುಗಮ ಸಂಗೀತದ ಮೊದಲ ಕ್ಯಾಸೆಟ್ಟು ಎಂದು ಹೆಸರಾದದ್ದು. ಟೀಚರ್‌ಗೆ ಇದು ಸಿಕ್ಕಿದ್ದು ಅಂಗಡಿಯಲ್ಲಲ್ಲ. ಮನೆ ಖಾಲಿ ಮಾಡುತ್ತಿದ್ದ ನೆರೆಯವರು ರದ್ದಿಗೆ ಹಾಕಿದ ರಟ್ಟಿನ ಡಬ್ಬಿಯಲ್ಲಿತ್ತು. "ಒಂದು ಚೀಲ ಹಳೇ ಪೇಪರ್ ಕೊಟ್ಟು ಬಿಡಿಸ್ಕೊಂಡೆ" ಎಂದು ನಕ್ಕರು. ಕವನ ಸಂಕಲನವನ್ನು ಕೈಯಲ್ಲಿ ಹಿಡಿಯದ ಮನೆಗಳಿಗೂ ಕವಿತೆ ಹೊಕ್ಕದ್ದು ಈ ಪ್ಲಾಸ್ಟಿಕ್ ಡಬ್ಬಿಯ ಮೂಲಕ ಎಂಬುದು ಅವರ ವಾದ. ಈ ಮಾತಿಗೆ ಯಾರೂ ಎದುರಾಡಲಿಲ್ಲ.

ಸ್ವಂತ ಮನೆಯೋ, ಬಾಡಿಗೆ ಮನೆಯೋ?

ಗುಂಪಿನಲ್ಲಿ ಎಲ್ಲರಿಗಿಂತ ಕಿರಿಯ ಮೊಬೈಲ್ ರಿಪೇರಿಯ ಹುಡುಗ. ಅವನು ತಂದದ್ದು ಬರೀ ಫೋನು. 2023ರ 'ಸಪ್ತ ಸಾಗರದಾಚೆ ಎಲ್ಲೋ' ಚಿತ್ರದ ಹಾಡು, ಚರಣ್ ರಾಜ್ ಸಂಗೀತ.

"ಇದನ್ನ ನೀ ಕೊಂಡೀಯೇನು?" ಎಂದು ಕಾಕಾ ಪಾಟೀಸವಾಲು ಹಾಕಿದರು.

"ತಿಂಗಳಾ ರೊಕ್ಕ ಕಟ್ತೀನ್ರಿ ಕಾಕಾ. ಎಲ್ಲಾ ಹಾಡೂ ನಂದ."

"ಕಟ್ಟೂದು ನಿಲ್ಲಿಸಿದ್ರ?"

ಹುಡುಗ ತಲೆ ಕೆರೆದುಕೊಂಡ. ಬಾಡಿಗೆ ಮನೆಗೂ ಸ್ವಂತ ಮನೆಗೂ ಇರುವ ಫರಕು ಇದೇ ಎಂದು ಸಾವಕಾರರು ತೀರ್ಪು ಕೊಟ್ಟರು. ಆದರೆ ಹುಡುಗ ಸುಮ್ಮನಾಗುವವನಲ್ಲ. ಆ ಚಿತ್ರ ಎರಡು ಭಾಗದಲ್ಲಿ ಬಂತು. ಒಂದಕ್ಕೆ 'ಸೈಡ್ ಎ', ಇನ್ನೊಂದಕ್ಕೆ 'ಸೈಡ್ ಬಿ' ಎಂದೇ ಹೆಸರು. ಕ್ಯಾಸೆಟ್ ಕಾಲ ಮುಗಿದು ವರ್ಷಗಳಾದ ಮೇಲೂ ಹೊಸ ಚಿತ್ರದವರಿಗೆ ಕ್ಯಾಸೆಟ್ಟಿನದೇ ಹೆಸರು ಬೇಕಾಯಿತಲ್ಲ, ಅದಕ್ಕೇನಂತೀರಿ ಎಂದು ಅವನ ಸವಾಲು. ಈ ಸಲ ಕಾಕಾ ತಲೆ ಕೆರೆದುಕೊಂಡರು.

ಹೊಸ ಹಾಡುಗಳ ಮೇಲೆ ಇವರ ದೂರು ರಾಗದ್ದಲ್ಲ, ಬರುವ ರೀತಿಯದ್ದು. ಈಗ ಸಿನಿಮಾ ಹಾಡು ಒಂದೊಂದಾಗಿ ಬರುತ್ತದೆ. ಇವತ್ತು ಒಂದು, ಹದಿನೈದು ದಿನಕ್ಕೆ ಇನ್ನೊಂದು. ಹಿಡಿಸಿದರೆ ಕೇಳು, ಇಲ್ಲದಿದ್ದರೆ ಬೆರಳಿನಿಂದ ತಳ್ಳು. ಕ್ಯಾಸೆಟ್ಟಿನಲ್ಲಿ ಹಾಗೆ ತಳ್ಳುವಂತಿರಲಿಲ್ಲ. ಮುಂದಕ್ಕೆ ಓಡಿಸಿದರೆ ಎಲ್ಲಿಗೋ ಹೋಗಿ ನಿಲ್ಲುತ್ತಿತ್ತು. ಆ ಬೇಜಾರಿಗೆ ಹಿಡಿಸದ ಹಾಡನ್ನೂ ಕೇಳುತ್ತಿದ್ದರು. ಹತ್ತು ಸಲ ಕೇಳಿದ ಮೇಲೆ ಅದೇ ಎಲ್ಲಕ್ಕಿಂತ ಹೆಚ್ಚು ಹಿಡಿಸುತ್ತಿತ್ತು. "ಸೊಸೆ ಇದ್ದಂಗ್ರಿ. ಮೊದಲ ದಿನಾನ ಹೆಂಗ ಗೊತ್ತಾಗ್ತಾಳ?" ಎಂದರು ಟೀಚರ್. ಎಲ್ಲರೂ ಗೊಳ್ಳೆಂದು ನಕ್ಕರು.

ಬ್ಯಾಂಕಿನ ಸಾಹೇಬರ ಸರದಿ ಬಂತು. ಮುಂಬಯಿಯಿಂದ ತರಿಸಿದ ಭೀಮಸೇನ ಜೋಶಿಯವರ ಹಳೆಯ ಎಲ್‌ಪಿ. 1,200 ರೂಪಾಯಿ! ಅದರ ಹತ್ತು ಪಟ್ಟು ಹಾಡು ಫೋನಿನಲ್ಲಿ ಪುಕ್ಕಟೆ ಸಿಗುವಾಗ ಇದೇನು ಹುಚ್ಚು ಎಂದು ಎಲ್ಲರೂ ಮೈಮೇಲೆ ಬಿದ್ದರು. ಸಾಹೇಬರು ಸಿಟ್ಟಾಗದೆ ಒಂದು ಹಳೆಯ ಸಂಗತಿ ನೆನಪಿಸಿದರು.

ಗದಗಿನ ಆ ಹುಡುಗ

ಈ ಸಂಗತಿ ಸಂಗೀತ ಬಲ್ಲವರಿಗೆಲ್ಲ ಗೊತ್ತು. ಗದಗಿನ ಒಬ್ಬ ಹುಡುಗನಿಗೆ ಅಂಗಡಿಯಲ್ಲಿ ಹಚ್ಚಿದ ಗ್ರಾಮಾಫೋನ್ ಪ್ಲೇಟಿನಿಂದ ಅಬ್ದುಲ್ ಕರೀಂ ಖಾನರ ಠುಮ್ರಿ ಕೇಳಿಸಿತು. ರಾಗ ಜಿಂಝೋಟಿ. ಹಾಗೆ ಹಾಡುವುದನ್ನು ಕಲಿಯಲೇಬೇಕೆಂಬ ಹುಚ್ಚು ಹಿಡಿಯಿತು. 1933ರಲ್ಲಿ, ಹನ್ನೊಂದನೆಯ ವಯಸ್ಸಿನಲ್ಲಿ, ಗುರುವನ್ನು ಹುಡುಕುತ್ತ ಮನೆ ಬಿಟ್ಟ. ಊರೂರು ಅಲೆದು ಕಡೆಗೆ ಹುಬ್ಬಳ್ಳಿ ಹತ್ತಿರದ ಕುಂದಗೋಳಕ್ಕೆ, ಅದೇ ಕರೀಂ ಖಾನರ ಶಿಷ್ಯ ಸವಾಯಿ ಗಂಧರ್ವರ ಬಳಿಗೆ ಬಂದ. ಮುಂದೆ ಆ ಹುಡುಗನಿಗೆ ಭಾರತರತ್ನ ಬಂತು. ಅವರೇ ಭೀಮಸೇನ ಜೋಶಿ.

"ಪ್ಲೇಟು ಕೊಂಡಾವ ಅಂಗಡಿಯವ. ಕೇಳಿದಾವ ರಸ್ತೇದಾಗ ನಿಂತ ಹುಡುಗ" ಎಂದರು ಸಾಹೇಬರು. "ಆ ಅಂಗಡಿಯವ ಕಿವ್ಯಾಗ ಬೆಂಡು ಇಟ್ಕೊಂಡು ಒಬ್ಬನ ಕೇಳಿದ್ದರ ಏನಾಗ್ತಿತ್ತು?"

ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿ ಧಾರವಾಡ ಓಡಾಡುವವರು ಒಮ್ಮೆ ಸುತ್ತ ನೋಡಿದರೆ ಈ ಮಾತು ತಿಳಿಯುತ್ತದೆ. ಎಲ್ಲರ ಕಿವಿಯಲ್ಲೂ ಹಾಡಿದೆ. ಪಕ್ಕದವರು ಏನು ಕೇಳುತ್ತಿದ್ದಾರೆ ಎಂಬುದು ಮಾತ್ರ ಯಾರಿಗೂ ಗೊತ್ತಿಲ್ಲ.

ಗುಜರಿಯಲ್ಲಿ ಗಾಂಧಾರಿ

ಕೊನೆಯ ಸರದಿ ಕಂಡಕ್ಟರ್ ಕಾಕಾ ಅವರದು. ಟವೆಲ್ಲಿನಲ್ಲಿ ಸುತ್ತಿದ ಒಂದು ಪ್ಲೇಟನ್ನು ಬಿಚ್ಚಿ ಮೇಜಿನ ಮೇಲಿಟ್ಟರು. ಹತ್ತಿಂಚಿನ ಕಪ್ಪು ಪ್ಲೇಟು, ನಿಮಿಷಕ್ಕೆ 78 ಸುತ್ತಿನದು. ಗುಜರಿಯಲ್ಲಿ 150 ರೂಪಾಯಿ. ಮಧ್ಯದ ಚೀಟಿ ಮಾಸಿದ್ದರೂ ಒಂದು ಹೆಸರು ಓದಲು ಬರುತ್ತಿತ್ತು: ಗಾಂಧಾರಿ.

ಅಂಗಡಿಯಲ್ಲಿ ಮಾತು ನಿಂತಿತು.

ಗಾಂಧಾರಿ ಎಂದರೆ ಬೇರೆ ಯಾರೂ ಅಲ್ಲ, ಗಂಗೂಬಾಯಿ ಹಾನಗಲ್. ಧಾರವಾಡದಲ್ಲಿ 1913ರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿ, 2009ರ ಜುಲೈನಲ್ಲಿ ಇಲ್ಲೇ ತೀರಿಕೊಂಡ ಗಂಗಜ್ಜಿ. 1930ರ ದಶಕದಲ್ಲಿ ಅವರ ಮೊದಲ ಪ್ಲೇಟುಗಳು ಎಚ್‌ಎಂವಿಯಿಂದ ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ಗಂಡುದನಿಯಂಥ ಅವರ ಗಡಸು ಕಂಠವನ್ನು ಊರೇ ಬಲ್ಲದು. ಆದರೆ ಆ ಕಂಠ ಮೊದಲಿನಿಂದ ಹಾಗಿರಲಿಲ್ಲ. ಗಂಟಲಿನ ತೊಂದರೆಗೆ ಚಿಕಿತ್ಸೆಯಾದ ಮೇಲೆ ದನಿ ತಿರುಗಿತು. ಅದಕ್ಕೂ ಹಿಂದಿನ ಎಳೆಯ, ತೆಳುವಾದ ದನಿ ಕೇಳಬೇಕೆಂದರೆ ಈ ಹಳೆಯ ಪ್ಲೇಟುಗಳೇ ಗತಿ.

ಅಂಥ ಪ್ಲೇಟಿಗೆ ಅಂಚಿನಿಂದ ಒಳಗೆ ಕೂದಲೆಳೆಯಷ್ಟು ಬಿರುಕು ಬಿದ್ದಿತ್ತು.

ಆಗ ಶುರುವಾಯಿತು ನಿಜವಾದ ಜಗಳ. ಹಚ್ಚೋಣವೋ, ಬೇಡವೋ? ಈ ಪ್ಲೇಟುಗಳು ಈಗಿನ ಪ್ಲಾಸ್ಟಿಕ್ಕಿನವಲ್ಲ. ಅರಗಿನಿಂದ ಮಾಡಿದ ಮಾಲು. ಬಿದ್ದರೆ ಹಂಚಿನಂತೆ ಚೂರು. ಮುಳ್ಳು ಬಿರುಕಿಗೆ ಬಡಿದು ಸೀಳು ಮುಂದುವರಿದರೆ ಮೂರು ನಿಮಿಷದ ಹಾಡು ಮುಗಿದಂತೆಯೇ. ಟೀಚರ್ "ಬ್ಯಾಡ್ರಿ" ಎಂದರು. "ಕೇಳದ ಇಟ್ರ ಅದು ಹಾಡಲ್ಲ, ಊಟದ ತಾಟು" ಎಂದರು ಸಾವಕಾರರು.

ಬ್ಯಾಂಕಿನ ಸಾಹೇಬರು ಇನ್ನೊಂದು ಪ್ರಶ್ನೆ ಎತ್ತಿದರು. ಒಮ್ಮೆ ಹಚ್ಚಿ ಧ್ವನಿ ಹಿಡಿದಿಟ್ಟುಕೊಂಡು ಎಲ್ಲರಿಗೂ ಹಂಚಿದರೆ ಹೇಗೆ? ಕಾಕಾಗೆ ಅದು ಹಿಡಿಸಲಿಲ್ಲ. ಬೆಂಗಳೂರಿನ ಸಂಗ್ರಹಕಾರರು ಇಂಥದಕ್ಕೆ ಸಾವಿರಗಟ್ಟಲೆ ಕೊಡುತ್ತಾರೆ. ಊರಿಗೆಲ್ಲ ಹಂಚಿದ ಮೇಲೆ ಯಾರು ಕೇಳುತ್ತಾರೆ? ಪಿಂಚಣಿಯ ಮೇಲೆ ಬದುಕುವ ಮನುಷ್ಯನ ಪ್ರಶ್ನೆ ಅದು. ಅದನ್ನು ಯಾರೂ ನಗೆಯಾಡಲಿಲ್ಲ.

ಕಾಯ್ದೆ ಏನನ್ನುತ್ತದೆ?

ಹಂಚುವುದು ಕಳ್ಳತನ ಆಗುವುದಿಲ್ಲವೇ ಎಂಬ ಶಂಕೆ ಟೀಚರ್‌ದು. ಕೃತಿಸ್ವಾಮ್ಯ ಕಾಯ್ದೆ 1957ರದು. ಅದರ ಪ್ರಕಾರ ಧ್ವನಿಮುದ್ರಣದ ಹಕ್ಕು ಅದು ಪ್ರಕಟವಾದ ಮರುವರ್ಷದಿಂದ ಎಣಿಸಿ 60 ವರ್ಷ. ಅಂದರೆ 1930ರ ದಶಕದ ಪ್ಲೇಟಿನ ಮೇಲೆ ಕಂಪನಿಯ ಆ ಹಕ್ಕು ಎಂದೋ ಮುಗಿದಿದೆ. ಹಾಡು ಬರೆದವರ ಹಕ್ಕು ಮಾತ್ರ ಬೇರೆ. ಅದು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ತಲೆಮಾರುಗಳಿಂದ ಹಾಡುತ್ತ ಬಂದ ಹಳೆಯ ಚೀಜಿಗೆ ಆ ತೊಡಕಿಲ್ಲ. 'ಪ್ರೇಮಲೋಕ'ವನ್ನೋ 'ನಿತ್ಯೋತ್ಸವ'ವನ್ನೋ ಹೀಗೆ ಹಂಚಲು ಬರುವುದಿಲ್ಲ ಎಂಬುದನ್ನು ಓದುಗರು ಮರೆಯಬಾರದು.

ಮೊಬೈಲ್ ಹುಡುಗ ಅಷ್ಟರಲ್ಲಿ ಕೆಲಸಕ್ಕೆ ಕೈ ಹಾಕಿದ್ದ.

"ಕಾಕಾ, ಈ ಮುಳ್ಳು ಹಚ್ಚಬ್ಯಾಡ್ರಿ. ಇದು ಎಲ್‌ಪಿದು. ನಿಮ್ಮ ಪ್ಲೇಟಿನ ಗೆರಿ ದಪ್ಪ ಇರತಾವ. ಅದಕ್ಕ ಬ್ಯಾರೆ ಮುಳ್ಳು ಬೇಕು."

ಸಾಹೇಬರ ಪೆಟ್ಟಿಗೆಯಲ್ಲಿ 78ರ ಮುಳ್ಳಿತ್ತು. ಗಡಿಯಾರದವರು ಕಣ್ಣಿಗೆ ಭೂತಗನ್ನಡಿ ಏರಿಸಿ ಬಿರುಕು ನೋಡಿದರು. ಎರಡು ಕಡೆಯ ಅಂಚು ಮೇಲೆ ಕೆಳಗೆ ಆಗಿಲ್ಲ, ಒಂದು ಸಲ ತಡೆದೀತು ಎಂದರು. ಗಾಜಿನ ಗಡಿಯಾರ ಬಿಚ್ಚುವ ಕೈಯ ಮಾತು. ಎಲ್ಲರೂ ಕಾಕಾ ಕಡೆ ನೋಡಿದರು.

ಕಾಕಾ ತುಸು ಹೊತ್ತು ಸುಮ್ಮನಿದ್ದರು. ಮೂವತ್ತು ವರ್ಷ ಟಿಕೆಟ್ ಹರಿದ ಕೈ ಪ್ಲೇಟಿನ ಅಂಚನ್ನು ಸವರಿತು.

"ಹಚ್ಚಪಾ ತಮ್ಮಾ" ಎಂದರು. "ನಾ ಇದನ್ನ ಮಾರಿದ್ರ ಅದು ಯಾರದೋ ಕಪಾಟಿನ್ಯಾಗ ಕುಂಡ್ರತೈತಿ. ಹುಬ್ಬಳ್ಳಿ ದನಿ ಹುಬ್ಬಳ್ಳ್ಯಾಗ ಕೇಳಲಿ."

ಮೂರು ನಿಮಿಷ

ಮುಳ್ಳು ಇಳಿಯಿತು. ಮೊದಲು ಎಣ್ಣೆಯಲ್ಲಿ ಏನೋ ಹುರಿದಂತೆ ಚರಚರ ಸದ್ದು. ಪ್ರತಿ ಸುತ್ತಿಗೂ ಬಿರುಕಿನ ಟಕ್, ಟಕ್. ಅದರ ಹಿಂದಿನಿಂದ ಒಂದು ಹೆಣ್ಣುದನಿ ಮೇಲೆ ಹೋಯಿತು. ಸಪೂರವಾದದ್ದು, ಚೂಪಾದದ್ದು. ರೇಡಿಯೋದಲ್ಲಿ ಗಂಗಜ್ಜಿಯನ್ನು ನೂರು ಸಲ ಕೇಳಿದ್ದ ಟೀಚರ್‌ಗೂ ಗುರುತು ಹತ್ತಲಿಲ್ಲ. ತಾನು ಮುಗಿದು ಷಡ್ಜಕ್ಕೆ ಬಂದಾಗ ಮಾತ್ರ "ಅವರ" ಎಂದರು. ಲ್ಯಾಪ್‌ಟಾಪಿನಲ್ಲಿ ಧ್ವನಿ ಇಳಿಯುತ್ತಿತ್ತು. ಹುಡುಗ ಉಸಿರು ಬಿಗಿಹಿಡಿದು ಕುಳಿತಿದ್ದ.

ಪ್ಲೇಟು ತಡೆಯಿತು. ಮೂರು ನಿಮಿಷ ಚಿಲ್ಲರೆ, ಪೂರ್ತಿ.

ಅಭಿಪ್ರಾಯ ಹೇಳುವ ಹೊತ್ತು. ಈ ಸಲ ಯಾರೂ ಬಾಯಿ ಬಿಡಲಿಲ್ಲ. ಮೂರನೆಯ ಕಟ್ಟಳೆ ಮುರಿಯದೆ ಉಳಿದದ್ದು ಇದೇ ಮೊದಲು!

ಕೊಳ್ಳುವವರಿಗೆ ನಾಲ್ಕು ಮಾತು

ಮನೆಯ ಅಟ್ಟದಲ್ಲಿ ಇಂಥ ಸಾಮಾನು ಇರುವವರಿಗೆ ಈ ಅನುಭವಸ್ಥರು ಹೇಳುವುದಿಷ್ಟು. ಅರಗಿನ ಪ್ಲೇಟನ್ನು ಎಂದೂ ಸ್ಪಿರಿಟ್ಟಿನಿಂದ ಒರೆಸಬಾರದು, ಅರಗು ಕರಗುತ್ತದೆ. ಮೆತ್ತಗಿನ ಬಟ್ಟೆ ಸಾಕು. ಪ್ಲೇಟುಗಳನ್ನು ಒಂದರ ಮೇಲೊಂದು ಹೇರದೆ ಪುಸ್ತಕದಂತೆ ನಿಲ್ಲಿಸಬೇಕು, ಬಿಸಿಲಿಗೆ ಇಡಬಾರದು. ಹಳೆಯ ಗ್ರಾಮಾಫೋನಿನ ಉಕ್ಕಿನ ಮುಳ್ಳಿನಲ್ಲಿ ಎಲ್‌ಪಿ ಹಚ್ಚಿದರೆ ಒಂದೇ ಸಲಕ್ಕೆ ಎಲ್‌ಪಿ ಹಾಳು. ಕ್ಯಾಸೆಟ್ಟಿನ ರೀಲಿನ ಮೇಲೆ ಬಿಳಿ ಬೂಸು ಕಂಡರೆ ಪ್ಲೇಯರಿಗೆ ಹಾಕಬಾರದು, ಮೊದಲು ಬಲ್ಲವರಿಗೆ ತೋರಿಸಬೇಕು. ಎಲ್ಲಕ್ಕಿಂತ ಮುಖ್ಯ, ಗುಜರಿಯವನಿಗೆ ತೂಕಕ್ಕೆ ಹಾಕುವ ಮೊದಲು ಚೀಟಿಯ ಮೇಲಿನ ಹೆಸರನ್ನು ಒಮ್ಮೆ ಓದಬೇಕು.

ಶಟರ್ ಎತ್ತಿದಾಗ ಹೊರಗೆ ಇಬ್ಬರು ನಿಂತಿದ್ದರು. ಒಬ್ಬ ಹಣ್ಣಿನ ಗಾಡಿಯವ. ಇನ್ನೊಬ್ಬಳು ಕೈಯಲ್ಲಿ ಬಸ್ ಪಾಸು ಹಿಡಿದ ಕಾಲೇಜು ಹುಡುಗಿ.

"ಅಜ್ಜಾರ, ಈಗ ಹಾಡಿದಾಕಿ ಯಾರ್ರಿ?"

"ನಮ್ಮ ಊರಾಕೀನ ಬೇ ತಂಗಿ" ಎಂದರು ಕಾಕಾ. "ಬಾ, ಇನ್ನೊಮ್ಮೆ ಕೇಳಿಸ್ತೀವಿ. ಪ್ಲೇಟಿಗೆ ತ್ರಾಸ ಕೊಡೂದಿಲ್ಲ, ಈಗ ಅದು ಕಂಪ್ಯೂಟರ್‌ನಾಗ ಐತಿ."

ಹುಡುಗಿಯ ಬಸ್ಸು ಹೋಯಿತು. ಅವಳು ಅದನ್ನು ನೋಡಲಿಲ್ಲ.