‘ಮೆಮೊರಿ ಸಾಲದು’ ಎಂದರೆ ಯಾವ ಮೆಮೊರಿ?

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ಮನೆಗಳಲ್ಲಿ ಒಂದು ಹಳೆಯ ಕಂಪ್ಯೂಟರ್ ಇದ್ದರೆ ಅದಕ್ಕೆ ಹತ್ತು ಕೆಲಸ. ತೋಟದ ಲೆಕ್ಕ, ಮಕ್ಕಳ ಪಾಠ, ಮದುವೆಯ ಫೋಟೋ ಎಲ್ಲವೂ ಅದರಲ್ಲೇ. ಅದರ ಪರದೆಯ ಮೇಲೆ ‘ಮೆಮೊರಿ ಕಡಿಮೆಯಾಗಿದೆ’ ಎಂಬ ಎಚ್ಚರಿಕೆ ಮೂಡಿದಾಗ ಅನೇಕರು ಮೊದಲು ಮಾಡುವುದೇನು? ಹಳೆಯ ಫೋಟೋಗಳನ್ನು ಅಳಿಸುವುದು! ಫೋಟೋ ಹೋಗುತ್ತದೆ, ಎಚ್ಚರಿಕೆ ಮತ್ತೆ ಬರುತ್ತದೆ. ಏಕೆಂದರೆ ಆ ಎಚ್ಚರಿಕೆ ಬೇರೊಂದು ಮೆಮೊರಿಗೆ ಸಂಬಂಧಿಸಿದ್ದು.

ಅಡಿಕೆ ಕೊಯ್ಲಿನ ದಿನಗಳನ್ನು ನೆನಪಿಸಿಕೊಳ್ಳಿ. ಒಣಗಿದ ಅಡಿಕೆಯ ಮೂಟೆಗಳಿರುವುದು ಉಗ್ರಾಣದಲ್ಲಿ. ಕೆಲಸ ನಡೆಯುವುದು ಅಂಗಳದಲ್ಲಿ. ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಉಗ್ರಾಣವಿದ್ದಂತೆ, ರ್‍ಯಾಮ್ ಅಂಗಳವಿದ್ದಂತೆ. ನೀವು ತೆರೆದ ಪ್ರತಿಯೊಂದು ತಂತ್ರಾಂಶಕ್ಕೂ ರ್‍ಯಾಮ್‌ನಲ್ಲಿ ಜಾಗ ಬೇಕು. ಅಂಗಳ ತುಂಬಿದಾಗ ಉಗ್ರಾಣದ ಮೂಟೆ ಎಸೆದು ಏನು ಪ್ರಯೋಜನ?

ರ್‍ಯಾಮ್ ತುಂಬಿದೊಡನೆ ಕಂಪ್ಯೂಟರ್ ನಿಲ್ಲುವುದಿಲ್ಲ. ಸದ್ಯಕ್ಕೆ ಬೇಡದ ಪುಟಗಳನ್ನು ಡಿಸ್ಕಿನ ‘ಪೇಜ್ ಫೈಲ್’ಗೆ ಸಾಗಿಸಿ, ಬೇಕಾದಾಗ ಮರಳಿ ತರುತ್ತದೆ. ‘ವರ್ಚುವಲ್ ಮೆಮೊರಿ’ ಎಂಬ ಈ ಉಪಾಯವನ್ನು 1962ರಲ್ಲೇ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಅಟ್ಲಾಸ್ ಕಂಪ್ಯೂಟರಿನಲ್ಲಿ ಬಳಸಲಾಗಿತ್ತು. ಆದರೆ ಇದಕ್ಕೆ ಬೆಲೆ ತೆರಬೇಕು. ರ್‍ಯಾಮ್‌ನಿಂದ ಮಾಹಿತಿ ಪಡೆಯಲು ಸುಮಾರು 100 ನ್ಯಾನೊಸೆಕೆಂಡು ಸಾಕು. ತಿರುಗುವ ಹಾರ್ಡ್ ಡಿಸ್ಕಿಗೆ ಸುಮಾರು 10 ಮಿಲಿಸೆಕೆಂಡು ಬೇಕು. ಅಂದರೆ ಒಂದು ಲಕ್ಷ ಪಟ್ಟು! ಮೊದಲನೆಯದು ಒಂದು ಸೆಕೆಂಡಿನ ಕೆಲಸ ಎಂದುಕೊಂಡರೆ ಎರಡನೆಯದು ಒಂದು ದಿನಕ್ಕೂ ಮಿಗಿಲು. ಎಚ್ಚರಿಕೆಗೆ ಮುನ್ನ ಕಂಪ್ಯೂಟರ್ ತೆವಳುವುದು ಇದರಿಂದಲೇ. ರ್‍ಯಾಮ್ ಮತ್ತು ಪೇಜ್ ಫೈಲ್ ಎರಡೂ ಸೇರಿ ಮುಗಿಯುತ್ತ ಬಂದಾಗ ವಿಂಡೋಸ್ ಎಚ್ಚರಿಸುತ್ತದೆ.

ಆಗ ಏನು ಮಾಡಬೇಕು?

1. ಮೊದಲು ಕೆಲಸವನ್ನು ‘ಸೇವ್’ ಮಾಡಿ. ವಿದ್ಯುತ್ ಹೋದರೆ ರ್‍ಯಾಮ್‌ನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಇದನ್ನು ಬಿಡಿಸಿ ಹೇಳಬೇಕಿಲ್ಲ.

2. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ‘ಟಾಸ್ಕ್ ಮ್ಯಾನೇಜರ್’ ತೆರೆಯಿರಿ. ‘ಮೆಮೊರಿ’ ಕಾಲಂನ ತಲೆಯ ಮೇಲೆ ಕ್ಲಿಕ್ ಮಾಡಿದರೆ ಹೆಚ್ಚು ಜಾಗ ಹಿಡಿದವು ಮೇಲೆ ಬರುತ್ತವೆ. ಹಲವು ಸಲ ಅದು ಹತ್ತಾರು ಪುಟ ತೆರೆದಿಟ್ಟ ಬ್ರೌಸರ್. ಬೇಡದ್ದನ್ನು ಮುಚ್ಚಿ. ಪರಿಚಯವಿಲ್ಲದ ಹೆಸರುಗಳನ್ನು ಮಾತ್ರ ಆತುರದಿಂದ ನಿಲ್ಲಿಸಬೇಡಿ. ಅವು ವಿಂಡೋಸ್‌ನ ಭಾಗಗಳಾಗಿರಬಹುದು.

3. ಸುಮ್ಮನಿದ್ದರೂ ಒಂದು ತಂತ್ರಾಂಶದ ಅಂಕಿ ಏರುತ್ತಲೇ ಇದೆಯೇ? ಅದು ಪಡೆದ ಜಾಗವನ್ನು ಹಿಂತಿರುಗಿಸದ ‘ಸೋರಿಕೆ’ ಇರಬಹುದು. ಮುಚ್ಚಿ ತೆರೆಯಿರಿ, ಹೊಸ ಆವೃತ್ತಿ ಹಾಕಿ.

4. ‘ಸಿ’ ಡ್ರೈವ್ ಪೂರ್ತಿ ತುಂಬಿದ್ದರೆ ಪೇಜ್ ಫೈಲ್ ಬೆಳೆಯಲಾರದು. ಡಿಸ್ಕ್ ಖಾಲಿ ಮಾಡುವುದರಿಂದ ಲಾಭವಾಗುವುದು ಈ ಒಂದು ಸಂದರ್ಭದಲ್ಲಿ. ಆಗಲೂ ಫೋಟೋಗಳನ್ನು ಅಳಿಸದೆ ಬೇರೆ ಡ್ರೈವ್‌ಗೆ ಸಾಗಿಸಿ.

ಇಷ್ಟಾದರೂ ಎಚ್ಚರಿಕೆ ಮರಳಿದರೆ ರ್‍ಯಾಮ್ ಹೆಚ್ಚಿಸುವುದೇ ದಾರಿ. ವಿಂಡೋಸ್ 11ಕ್ಕೆ ಕನಿಷ್ಠ 4 ಗಿಗಾಬೈಟ್ ಬೇಕು. ನೆಮ್ಮದಿಯ ಕೆಲಸಕ್ಕೆ 8 ಇರಲಿ. ಪೇಟೆಗೆ ಹೊರಡುವ ಮುನ್ನ ನಿಮ್ಮದು ಡಿಡಿಆರ್3 ಅಥವಾ ಡಿಡಿಆರ್4, ಯಾವುದೆಂದು ಬರೆದುಕೊಳ್ಳಿ; ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ. ಹಳೆಯ 32 ಬಿಟ್ ವಿಂಡೋಸ್ ಇದ್ದರೆ ಇನ್ನೊಂದು ಮಿತಿಯಿದೆ. 2ರ 32ನೇ ಘಾತ 4,29,49,67,296. ಅಷ್ಟು ಬೈಟ್‌ಗಳೆಂದರೆ 4 ಗಿಗಾಬೈಟ್. ಮನೆಬಳಕೆಯ ಆ ಆವೃತ್ತಿಗಳು ಅದಕ್ಕಿಂತ ಹೆಚ್ಚಿನ ರ್‍ಯಾಮ್ ಬಳಸಲಾರವು. ಹಣ ಕೊಡುವ ಮೊದಲು ಇದನ್ನು ನೋಡಿಕೊಂಡರೆ ಒಂದು ವ್ಯರ್ಥ ಖರ್ಚು ತಪ್ಪುತ್ತದೆ.