ತೆರಿಗೆಯ ಪಾಲು ಮತ್ತು ತಲೆಯ ಎಣಿಕೆ

ಹಣಕಾಸು ಆಯೋಗದ ವಿಷಯ ದೂರದರ್ಶನದ ಚರ್ಚೆಗೆ ಬಂದಾಗಲೆಲ್ಲ ಪರದೆಯ ಮೇಲೆ ಒಂದು ಕೋಷ್ಟಕ ಮೂಡಿ, ಕಣ್ಣಾಡಿಸುವಷ್ಟರಲ್ಲಿ ಮಾಯವಾಗುತ್ತದೆ. ನಂತರ ಚರ್ಚೆ ಮಾಡುವವರು 'ನಮಗೆ ಅನ್ಯಾಯವಾಯಿತು' ಎಂದೋ 'ಇಲ್ಲ, ನ್ಯಾಯವೇ ಆಯಿತು' ಎಂದೋ ವಾದಿಸುತ್ತಾರೆ. ಆ ಕೋಷ್ಟಕದ ಅಂಕಿಗಳು ಎಲ್ಲಿಂದ ಬಂದವು ಎಂಬುದನ್ನು ನಿಧಾನವಾಗಿ ನೋಡಲು ಅಚ್ಚಾದ ಪುಟವೇ ಅನುಕೂಲ. ವಿದ್ಯಾರ್ಥಿಗಳಾದ ನೀವು ಪಕ್ಕದಲ್ಲಿ ಒಂದು ಹಾಳೆ, ಒಂದು ಪೆನ್ಸಿಲು ಇಟ್ಟುಕೊಂಡು ಓದಿರಿ.

ವಿಷಯ ಇಷ್ಟು. ಆದಾಯ ತೆರಿಗೆ, ಕಂಪನಿಗಳ ತೆರಿಗೆ, ಸರಕು ಮತ್ತು ಸೇವಾ ತೆರಿಗೆಯಲ್ಲಿ ಕೇಂದ್ರದ ಭಾಗ, ಇವೆಲ್ಲ ದೆಹಲಿಯ ಬೊಕ್ಕಸ ಸೇರುತ್ತವೆ. ಸಂವಿಧಾನದ 280ನೆಯ ವಿಧಿಯಂತೆ ನೇಮಕವಾಗುವ ಹಣಕಾಸು ಆಯೋಗವು ಅದರಲ್ಲಿ ರಾಜ್ಯಗಳಿಗೆ ಎಷ್ಟು, ಯಾವ ರಾಜ್ಯಕ್ಕೆ ಎಷ್ಟು ಎಂದು ಶಿಫಾರಸು ಮಾಡುತ್ತದೆ. ಎನ್.ಕೆ. ಸಿಂಗ್ ಅವರ ಅಧ್ಯಕ್ಷತೆಯ 15ನೆಯ ಆಯೋಗವು 2021ರಿಂದ 2026ರವರೆಗಿನ ಅವಧಿಗೆ ನೂರಕ್ಕೆ 41ರಷ್ಟನ್ನು ರಾಜ್ಯಗಳಿಗೆ ಕೊಡಬೇಕೆಂದಿತು. (ಸೆಸ್ ಮತ್ತು ಸರ್ಚಾರ್ಜ್ ಎಂಬ ಹೆಸರಿನಲ್ಲಿ ವಸೂಲಾಗುವ ಹಣ ಈ ಲೆಕ್ಕದೊಳಗೆ ಬರುವುದಿಲ್ಲ. ಅದೇ ಒಂದು ಬೇರೆ ಜಗಳ.)

ರಾಜ್ಯಗಳಿಗೆ ಬಂದ ಆ ಮೊತ್ತದಲ್ಲಿ 14ನೆಯ ಆಯೋಗದ ಕಾಲದಲ್ಲಿ ಕರ್ನಾಟಕದ ಪಾಲು ನೂರಕ್ಕೆ 4.713 ಇತ್ತು. 15ನೆಯ ಆಯೋಗದ ಕಾಲದಲ್ಲಿ ಅದು 3.647ಕ್ಕೆ ಇಳಿಯಿತು. ಹೀಗೆ ಹೇಳಿದರೆ ದಶಮಾಂಶದ ಆಚೀಚಿನ ಸಣ್ಣ ಮಾತೆನಿಸುತ್ತದೆ. ಒಂದು ಲಕ್ಷ ಕೋಟಿ ರೂಪಾಯಿ ಹಂಚಿದಾಗ 4,713 ಕೋಟಿ ಬರುತ್ತಿದ್ದ ಕಡೆ 3,647 ಕೋಟಿ ಬಂತು ಎಂದು ಬರೆದು ನೋಡಿರಿ. 1,066 ಕೋಟಿಯ ವ್ಯತ್ಯಾಸ! ಹಾಗಾದರೆ ಯಾರಾದರೂ ಕರ್ನಾಟಕದ ಹೆಸರು ಹಿಡಿದು ಪಾಲು ಕತ್ತರಿಸಿದರೇ? ಇಲ್ಲ. ಒಂದು ಸೂತ್ರವಿತ್ತು, ಸೂತ್ರದೊಳಗೆ ಅಂಕಿಗಳನ್ನು ಹಾಕಿದರು, ಈ ಉತ್ತರ ಬಂತು. ನಾವು ಕೇಳಬೇಕಾದದ್ದು ಯಾವ ಅಂಕಿ, ಯಾವ ವರ್ಷದ್ದು, ಯಾರು ಹೇಗೆ ಎಣಿಸಿದ್ದು ಎಂದು.

15ನೆಯ ಆಯೋಗದ ಸೂತ್ರದಲ್ಲಿ ಆದಾಯದ ಅಂತರಕ್ಕೆ 45 ಅಂಕ, 2011ರ ಜನಸಂಖ್ಯೆಗೆ 15, ವಿಸ್ತೀರ್ಣಕ್ಕೆ 15, ಜನಸಂಖ್ಯಾ ನಿಯಂತ್ರಣದ ಸಾಧನೆಗೆ 12.5, ಅರಣ್ಯಕ್ಕೆ 10, ತೆರಿಗೆ ವಸೂಲಿಯ ಪ್ರಯತ್ನಕ್ಕೆ 2.5. ಅರ್ಥಶಾಸ್ತ್ರ, ಜನಸಂಖ್ಯಾಶಾಸ್ತ್ರ, ಪರಿಸರ ಮೂರೂ ಒಂದೇ ಪಂಕ್ತಿಯಲ್ಲಿ ಕುಳಿತಿವೆ.

ಮೊದಲು ಜನಸಂಖ್ಯೆ. 1971ರ ಜನಗಣತಿಯಲ್ಲಿ ಕರ್ನಾಟಕದ ಜನ 2.93 ಕೋಟಿ, ರಾಜಸ್ಥಾನದ ಜನ 2.58 ಕೋಟಿ. 2011ರ ಹೊತ್ತಿಗೆ ಕರ್ನಾಟಕ 6.11 ಕೋಟಿ, ರಾಜಸ್ಥಾನ 6.85 ಕೋಟಿ. ಈ ಎರಡೇ ರಾಜ್ಯಗಳಿವೆ, ಅವುಗಳಿಗೆ ತಲೆಯ ಲೆಕ್ಕದಲ್ಲಿ ನೂರು ರೂಪಾಯಿ ಹಂಚಬೇಕು ಎಂದಿಟ್ಟುಕೊಳ್ಳಿ. 1971ರ ಪುಸ್ತಕ ತೆರೆದರೆ ನಮಗೆ 53 ರೂಪಾಯಿ ಸಿಗುತ್ತದೆ, 2011ರ ಪುಸ್ತಕ ತೆರೆದರೆ 47. ಎರಡೂ ಪುಸ್ತಕಗಳು ಸತ್ಯವನ್ನೇ ಹೇಳುತ್ತಿವೆ! ಕುಟುಂಬ ಯೋಜನೆಯನ್ನು ಒಪ್ಪಿ ನಡೆದ ರಾಜ್ಯಗಳಿಗೆ ನಷ್ಟವಾಗಬಾರದೆಂದು ದಶಕಗಳ ಕಾಲ ಆಯೋಗಗಳು 1971ರ ಅಂಕಿಯನ್ನೇ ಹಿಡಿದುಕೊಂಡಿದ್ದವು. 14ನೆಯ ಆಯೋಗ 1971ರ ಜನಸಂಖ್ಯೆಗೆ 17.5 ಅಂಕವನ್ನೂ 2011ರದಕ್ಕೆ 10 ಅಂಕವನ್ನೂ ಕೊಟ್ಟಿತು. 15ನೆಯದು 2011ಕ್ಕೇ ಬಂದು ನಿಂತಿತು.

ಇದರಿಂದ ಆಗುವ ನಷ್ಟವನ್ನು ಸ್ವಲ್ಪ ತುಂಬಲೆಂದೇ ಆ 12.5 ಅಂಕ. ಒಬ್ಬ ಮಹಿಳೆ ತನ್ನ ಜೀವಿತದಲ್ಲಿ ಸರಾಸರಿ ಎಷ್ಟು ಮಕ್ಕಳನ್ನು ಹೆರುತ್ತಾಳೆ ಎಂಬ ಅಂದಾಜಿಗೆ ಒಟ್ಟು ಫಲವಂತಿಕೆ ದರ ಎನ್ನುತ್ತಾರೆ. ಅದರ ವ್ಯುತ್ಕ್ರಮವನ್ನು, ಎಂದರೆ ಒಂದನ್ನು ಆ ದರದಿಂದ ಭಾಗಿಸಿ ಬಂದದ್ದನ್ನು, ರಾಜ್ಯದ 1971ರ ಜನಸಂಖ್ಯೆಯಿಂದ ಗುಣಿಸಿದರು. 1971ರಲ್ಲಿ ಸಮಾನ ಜನಸಂಖ್ಯೆಯಿದ್ದ ಎರಡು ರಾಜ್ಯಗಳಲ್ಲಿ ಒಂದರ ದರ 2, ಇನ್ನೊಂದರದು 3 ಆದರೆ ಈ ಬಾಬಿನ ಹಣ 60ಕ್ಕೆ 40ರಂತೆ ಹಂಚಿಕೆಯಾಗುತ್ತದೆ. 1971 ಮುಂಬಾಗಿಲಿನಿಂದ ಹೊರಟು ಹಿಂಬಾಗಿಲಿನಿಂದ ಒಳಬಂದಿದೆ ನೋಡಿ.

ಈ ಫಲವಂತಿಕೆ ದರ ಸಿಗುವುದಾದರೂ ಹೇಗೆ? ನಮ್ಮಲ್ಲಿ ಇದಕ್ಕಿರುವ ಒಂದು ದಾರಿ ಮಾದರಿ ನೋಂದಣಿ ಪದ್ಧತಿ. ದೇಶದಾದ್ಯಂತ ಆರಿಸಿದ ಹಳ್ಳಿಗಳಲ್ಲಿ ಮತ್ತು ನಗರದ ಭಾಗಗಳಲ್ಲಿ ಸ್ಥಳೀಯ ವ್ಯಕ್ತಿಯೊಬ್ಬರು, ಅನೇಕ ಕಡೆ ಶಾಲೆಯ ಶಿಕ್ಷಕರೇ, ಪ್ರತಿಯೊಂದು ಹುಟ್ಟು ಸಾವನ್ನೂ ಆಗಿಂದಾಗ್ಗೆ ಬರೆದಿಡುತ್ತಾರೆ. ಆರು ತಿಂಗಳಿಗೊಮ್ಮೆ ಹೊರಗಿನಿಂದ ಬೇರೊಬ್ಬ ಮೇಲ್ವಿಚಾರಕರು ಬಂದು ಮನೆಮನೆಗೆ ಹೋಗಿ ಸ್ವತಂತ್ರವಾಗಿ ಇನ್ನೊಂದು ಪಟ್ಟಿ ಮಾಡುತ್ತಾರೆ. ಆಮೇಲೆ ಎರಡು ಪಟ್ಟಿಗಳನ್ನು ಅಕ್ಕಪಕ್ಕ ಇಟ್ಟು ತಾಳೆ ನೋಡುತ್ತಾರೆ. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದ ಹೆಸರಿಗಾಗಿ ಮತ್ತೆ ಆ ಮನೆಯ ಬಾಗಿಲಿಗೇ ಹೋಗಬೇಕು. ತವರಿಗೆ ಹೋಗಿ ಹೆತ್ತ ಮಗು, ಹುಟ್ಟಿ ಎರಡೇ ದಿನಕ್ಕೆ ತೀರಿಕೊಂಡ ಮಗು, ಇಂಥವೇ ಒಂದು ಪಟ್ಟಿಯಿಂದ ತಪ್ಪಿಹೋಗುವಂಥವು. ಇನ್ನೊಂದು ದಾರಿ 1992-93ರಲ್ಲಿ ಆರಂಭವಾದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಅದರ 2019-21ರ ಐದನೆಯ ಸುತ್ತಿನಲ್ಲಿ ಆರು ಲಕ್ಷಕ್ಕೂ ಹೆಚ್ಚು ಮನೆಗಳನ್ನು ಕಂಡು ಮಾತನಾಡಿಸಿದರು. ಕರ್ನಾಟಕದ ದರ 1.7, ಬಿಹಾರದ್ದು 3.0 ಎಂದು ತಿಳಿದದ್ದು ಹೀಗೆ.

ಕರ್ನಾಟಕದ ಪಾಲು ಇಳಿದುದಕ್ಕೆ ಜನಸಂಖ್ಯೆಗಿಂತ ದೊಡ್ಡ ಕಾರಣ ಆದಾಯ. ಅತಿ ಹೆಚ್ಚು ತಲಾ ಆದಾಯದ ಗೋವಾ, ಸಿಕ್ಕಿಂಗಳು ತೀರ ಚಿಕ್ಕವಾದ್ದರಿಂದ ಅವನ್ನು ಬಿಟ್ಟು ಹರಿಯಾಣವನ್ನು ಅಳತೆಗೋಲಾಗಿ ಇಟ್ಟುಕೊಂಡರು. ಹರಿಯಾಣಕ್ಕಿಂತ ಒಂದು ರಾಜ್ಯ ಎಷ್ಟು ಹಿಂದಿದೆಯೋ ಅಷ್ಟಕ್ಕೆ ತಕ್ಕಂತೆ ಹಣ. ಹಿಂದುಳಿದ ರಾಜ್ಯದ ಮಗುವಿಗೂ ಶಾಲೆ, ಆಸ್ಪತ್ರೆ ಬೇಡವೇ? ಈ ತತ್ತ್ವ ನನಗೆ ಸರಿಯೆಂದೇ ತೋರುತ್ತದೆ. ಆದರೆ ಎರಡು ಮಾತು ಗಮನಿಸಿರಿ. ಒಂದು, ಆ ಅಂತರವನ್ನು ಮತ್ತೆ 2011ರ ಜನಸಂಖ್ಯೆಯಿಂದ ಗುಣಿಸುತ್ತಾರೆ. ಆದ್ದರಿಂದ ಜನಸಂಖ್ಯೆಗೆ 15 ಅಂಕ ಎಂದು ಕೋಷ್ಟಕದಲ್ಲಿದ್ದರೂ ಈ 45ರ ಹಿಂದೆಯೂ ಅದು ಅಡಗಿದೆ. ಇನ್ನೊಂದು, ತಲಾ ಆದಾಯ ಎಂಬುದು ಸರಾಸರಿ. ಬೆಂಗಳೂರು ನಗರ ಜಿಲ್ಲೆಯೊಂದೇ ರಾಜ್ಯದ ಒಟ್ಟು ಉತ್ಪನ್ನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಕೊಡುತ್ತದೆ. ಮಾಹಿತಿ ತಂತ್ರಜ್ಞಾನದ ಕಂಪನಿಗಳ ವಹಿವಾಟು ಏರಿದಂತೆ ರಾಜ್ಯದ ಸರಾಸರಿಯೂ ಏರಿತು, ಹರಿಯಾಣದೊಡನೆ ಅಂತರ ಕುಗ್ಗಿತು, ಪಾಲು ತಗ್ಗಿತು. ಕಲಬುರಗಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಕುಳಿತು ನೀವು ಇದನ್ನು ಓದುತ್ತಿದ್ದರೆ, ದೆಹಲಿಯ ಲೆಕ್ಕದಲ್ಲಿ ನೀವೂ ಬೆಂಗಳೂರಿನವರೊಡನೆ ಕೂಡಿ ಭಾಗಿಸಲ್ಪಟ್ಟವರು. ಸೂತ್ರಕ್ಕೆ ರಾಜ್ಯದ ಗಡಿ ಕಾಣುತ್ತದೆ, ಜಿಲ್ಲೆಯದು ಕಾಣುವುದಿಲ್ಲ.

ಇನ್ನು ಕಾಡಿನ ಮಾತು. ಕಾಡನ್ನು ಉಳಿಸಿಕೊಂಡ ರಾಜ್ಯ ಆ ನೆಲದಲ್ಲಿ ಗಣಿ, ಕಾರ್ಖಾನೆ, ಹೊಲ ಮಾಡಲಾರದು. ಆ ಕಾಡು ಹೀರುವ ಇಂಗಾಲದ ಲಾಭವಾದರೋ ಎಲ್ಲರಿಗೂ. ಆದ್ದರಿಂದ 14ನೆಯ ಆಯೋಗ ಮೊದಲ ಬಾರಿಗೆ ಅರಣ್ಯಕ್ಕೆ 7.5 ಅಂಕ ಕೊಟ್ಟಿತು, ಮುಂದಿನದು ಅದನ್ನು 10 ಮಾಡಿತು. ಕಾಡನ್ನು ಅಳೆಯುವುದು ಡೆಹರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆ, ಉಪಗ್ರಹದ ಚಿತ್ರಗಳಿಂದ. ಅದರ ಪ್ರಕಾರ ಒಂದು ಹೆಕ್ಟೇರಿಗೆ ಕಡಿಮೆಯಿಲ್ಲದ ಜಾಗದಲ್ಲಿ ನೂರಕ್ಕೆ ಹತ್ತು ಭಾಗ ನೆಲದ ಮೇಲೆ ಮರಗಳ ಚಪ್ಪರವಿದ್ದರೆ ಅದು ಅರಣ್ಯದ ಹೊದಿಕೆ, ನೆಲ ಯಾರದ್ದೇ ಆಗಿರಲಿ, ಮರ ಯಾವುದೇ ಆಗಿರಲಿ. ಹೀಗಾಗಿ ಕೊಡಗು, ಚಿಕ್ಕಮಗಳೂರಿನ ನೆರಳುಮರಗಳ ಕೆಳಗಿನ ಕಾಫಿ ತೋಟವೂ ಆಕಾಶದಿಂದ ನೋಡಿದರೆ ಕಾಡು! ತೋಟದ ಮಾಲೀಕರನ್ನು ಕೇಳಿದರೆ ನಕ್ಕಾರು. 15ನೆಯ ಆಯೋಗದ ಸೂತ್ರ ಲೆಕ್ಕಕ್ಕೆ ಹಿಡಿದದ್ದು ಚಪ್ಪರ ನೂರಕ್ಕೆ 40 ಮತ್ತು ಅದಕ್ಕಿಂತ ಹೆಚ್ಚಿರುವ ದಟ್ಟ ಅರಣ್ಯವನ್ನು.

ಇಷ್ಟೆಲ್ಲ ಲೆಕ್ಕದ ತಳದಲ್ಲಿರುವುದು ಜನಗಣತಿ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ನಡೆದುಬಂದ ಗಣತಿ 2021ರಲ್ಲಿ ಕೋವಿಡ್ ಕಾರಣದಿಂದ ನಡೆಯಲಿಲ್ಲ. ಅಂದಿನಿಂದ ತಲಾ ಆದಾಯವನ್ನು ಭಾಗಿಸಲು ಬಳಸುವ ಜನಸಂಖ್ಯೆ 2011ರ ಆಧಾರದ ಮೇಲೆ ಮಾಡಿದ ಮುನ್ನಂದಾಜು. 2013ರ ಆಹಾರ ಭದ್ರತಾ ಕಾಯಿದೆಯ ಪಡಿತರಕ್ಕೆ ಸುಮಾರು 81 ಕೋಟಿ ಜನ ಎಂಬ ಮಿತಿ ನಿಗದಿಯಾದದ್ದೂ 2011ರ ಎಣಿಕೆಯಿಂದಲೇ. ಆಮೇಲೆ ಹುಟ್ಟಿದ ಮಕ್ಕಳಿಗೆ ಹಸಿವೆ ಇದೆ, ಆ ಲೆಕ್ಕದಲ್ಲಿ ಹೆಸರಿಲ್ಲ.

ಮುಂದಿನ ಗಣತಿಗೆ 2027ರ ಮಾರ್ಚ್ 1 ಆಧಾರ ದಿನವೆಂದು ಸರ್ಕಾರ 2025ರ ಜೂನ್‌ನಲ್ಲಿ ಪ್ರಕಟಿಸಿತು. ನಿಮ್ಮ ಕಾಲೇಜಿನ ಗ್ರಂಥಾಲಯದಲ್ಲಿ 2011ರ ಜಿಲ್ಲಾ ಜನಗಣತಿ ಕೈಪಿಡಿ ಇದ್ದರೆ ತೆಗೆಸಿ ನಿಮ್ಮ ಊರಿನ ಪುಟ ಹುಡುಕಿರಿ. ಮನೆ ಎಷ್ಟು, ಜನ ಎಷ್ಟು, ಆರು ವರ್ಷದೊಳಗಿನ ಮಕ್ಕಳೆಷ್ಟು ಎಂದು ಬರೆದುಕೊಳ್ಳಿರಿ. ಹೊಸ ಎಣಿಕೆಯ ಪುಸ್ತಕ ಬಂದಾಗ ಪಕ್ಕದ ಸಾಲಿನಲ್ಲಿ ಅದನ್ನೂ ತುಂಬಲು ಜಾಗ ಬಿಟ್ಟಿರಿ.