ಆ ಬೋರ್ಡಿನ ಕೆಳಗೊಂದು ಫೋನ್ ನಂಬರಿದೆ

ಕರೆಂಟ್ ಕಂಬವನ್ನು ಜಾಹೀರಾತಿಗೆಂದು ಯಾರೂ ನೆಟ್ಟಿಲ್ಲ. ಲೈನ್‌ಮನ್ ಆಗಿ ಕಂಬ ಹತ್ತುತ್ತಿದ್ದ ಕಾಲದಲ್ಲೂ ನಾನು ಈ ಮಾತು ಹೇಳುತ್ತಿದ್ದೆ. ನಿವೃತ್ತನಾಗಿ ಬೆಂಗಳೂರಿನ ನಾಗರಬಾವಿ ಕಡೆ ಬಂದು ನೆಲೆಸಿದ ಮೇಲೂ ಹೇಳುತ್ತಿದ್ದೇನೆ. ನಮ್ಮ ಮನೆಯಿಂದ ಹಾಲಿನ ಬೂತಿಗೆ ಹೋಗುವ ದಾರಿಯಲ್ಲಿ ಕಂಬಕ್ಕಿಂತ ಮೊದಲು ಕಂಬಕ್ಕೆ ಕಟ್ಟಿದ ಬೋರ್ಡುಗಳೇ ಕಣ್ಣಿಗೆ ಬೀಳುತ್ತವೆ. ಹೆಣ್ಣುಮಕ್ಕಳ ಪಿ.ಜಿ., ಪಿಯುಸಿ ಟ್ಯೂಷನ್, ಬೋರ್‌ವೆಲ್ ಪಾಯಿಂಟ್, ಆಪರೇಷನ್ ಇಲ್ಲದೆ ಮೂಲವ್ಯಾಧಿ ವಾಸಿ, ಮನೆಯಲ್ಲೇ ಕೂತು ತಿಂಗಳಿಗೆ ಮೂವತ್ತು ಸಾವಿರ ದುಡಿಯಿರಿ. ಹೊಂಗೆ ಮರಗಳಿಗೆ ಹೊಡೆದ ತಗಡಿನ ಬೋರ್ಡುಗಳು ಬೇರೆ. ಸರ್ಕಲ್ಲಿಗೆ ಬಂದರೆ ಆಳೆತ್ತರಕ್ಕೂ ಮೀರಿದ ಹುಟ್ಟುಹಬ್ಬದ ಫ್ಲೆಕ್ಸು, ಅದರ ಕೆಳಗೆ ಶುಭ ಕೋರುವವರ ಮುಖಗಳು ಸಾಲುಸಾಲಾಗಿ.

ಊರಿನ ಅಂದ ಕೆಟ್ಟಿತು ಎಂದು ಜನ ಬೇಸರಪಡುತ್ತಾರೆ. ಅದು ನಿಜವೇ. ಆದರೆ ಅಂದದ ಮಾತು ತೆಗೆದರೆ ‘ಎರಡು ದಿನ ತಡ್ಕೊಳ್ಳಿ ಸಾರ್’ ಎಂಬ ಉತ್ತರ ಸುಲಭವಾಗಿ ಬಂದುಬಿಡುತ್ತದೆ. ನನಗೆ ಅಲ್ಲಿ ಮೊದಲು ಕಾಣುವುದು ಅಪಾಯ. ಅಪಾಯಕ್ಕೆ ಎರಡು ದಿನ ಬೇಕಾಗಿಲ್ಲ.

ಬಡಾವಣೆಯ ಮಾಮೂಲಿ ಕಂಬವನ್ನೇ ತೆಗೆದುಕೊಳ್ಳಿ. ಮನೆಗಳಿಗೆ ಹೋಗುವ ತಂತಿಯಲ್ಲಿ 230 ವೋಲ್ಟ್ ಇರುತ್ತದೆ. ಎರಡು ಫೇಸ್‌ಗಳ ನಡುವೆ ಅದು ಸುಮಾರು 400 ಆಗುತ್ತದೆ. ಟ್ರಾನ್ಸ್‌ಫಾರ್ಮರಿಗೆ ಬರುವ ಎಚ್‌ಟಿ (ಹೈಟೆನ್ಷನ್) ಲೈನಿನಲ್ಲಿ 11,000 ವೋಲ್ಟ್. ಅದನ್ನು ಮುಟ್ಟಲೇಬೇಕೆಂದಿಲ್ಲ, ತೀರ ಹತ್ತಿರ ಹೋದರೂ ಎಳೆದುಕೊಳ್ಳುತ್ತದೆ. ನಾವು ಕೆಲಸಕ್ಕೆ ಹತ್ತುವಾಗ ಮೊದಲು ಲೈನ್ ಆಫ್ ಮಾಡಿಸಿ, ‘ಎಲ್‌ಸಿ’ (ಲೈನ್ ಕ್ಲಿಯರ್) ತಗೊಂಡು, ಅರ್ಥಿಂಗ್ ಹಾಕಿ, ಗ್ಲೌಸು ತೊಟ್ಟು, ಬೆಲ್ಟ್ ಬಿಗಿದು ಹತ್ತಬೇಕು. ಅದೇ ಕಂಬಕ್ಕೆ ರಾತ್ರಿ ಹನ್ನೊಂದರ ಮೇಲೆ ಹದಿನೆಂಟು-ಇಪ್ಪತ್ತರ ಹುಡುಗರು ಏಣಿ ಒರಗಿಸುತ್ತಾರೆ. ಕಾಲಲ್ಲಿ ಹವಾಯಿ ಚಪ್ಪಲಿ, ಕೈಯಲ್ಲಿ ಕಬ್ಬಿಣದ ಬೈಂಡಿಂಗ್ ವೈರ್. ಆ ವೈರಿನ ತುದಿ ಗಾಳಿಗೆ ಚಿಮ್ಮಿ ಮೇಲಿನ ತಂತಿಗೆ ತಗುಲಿದರೆ ಕೆಳಗೆ ಹಿಡಿದವನ ಗತಿ ಏನು? ಒಂದು ಬೋರ್ಡಿಗೆ ಇಷ್ಟು ಎಂದು ಕೂಲಿ ಸಿಗುವ ಹುಡುಗರು ಅವರು. ಅವರಿಗೆ ಈ ಮಾತು ಹೇಳುವವರು ಯಾರೂ ಇಲ್ಲ.

ನನ್ನ ಜೊತೆ ಕೆಲಸ ಮಾಡುತ್ತಿದ್ದವರೊಬ್ಬರು ಮಳೆಗಾಲದ ರಾತ್ರಿ ಫ್ಯೂಸ್ ಹಾಕಲು ಹತ್ತಿದ್ದರು. ಕಂಬದ ನಡುವಿಗೆ ಮರದ ರೀಪರ್ ಚೌಕಟ್ಟಿನ ಬ್ಯಾನರ್ ಕಟ್ಟಿತ್ತು. ಅದನ್ನು ದಾಟಲು ಒಂದು ಕ್ಷಣ ಬೆಲ್ಟ್ ಬಿಚ್ಚಲೇಬೇಕಾಯಿತು. ಹಿಡಿದ ಚೌಕಟ್ಟು ಕಿತ್ತು ಕೈಗೆ ಬಂತು. ಜೀವ ಉಳಿಯಿತು, ಸೊಂಟದ ಮೂಳೆ ಮೊದಲಿನ ಹಾಗೆ ಕೂಡಲಿಲ್ಲ. ಮಳೆ ಬಂದು ಕರೆಂಟ್ ಹೋದಾಗ ‘ಇನ್ನೂ ಯಾಕೆ ಬರಲಿಲ್ಲ’ ಎಂದು ಫೋನ್ ಮಾಡುವ ನಾವೆಲ್ಲರೂ, ಕತ್ತಲಲ್ಲಿ ಆ ಕಂಬ ಹತ್ತುವವನ ದಾರಿಗೆ ಏನೇನು ಕಟ್ಟಿಟ್ಟಿದ್ದೇವೆ ಎಂದು ಒಮ್ಮೆ ತಲೆ ಎತ್ತಿ ನೋಡಬೇಕು.

ಇನ್ನು ಗಾಳಿಯ ಲೆಕ್ಕ. ತಂತಿಯ ನಡುವೆ ಗಾಳಿ ನುಸುಳಿ ಹೋಗುತ್ತದೆ, ಕಂಬವನ್ನು ನಿಲ್ಲಿಸುವುದೂ ಆ ಲೆಕ್ಕದಲ್ಲೇ. ಫ್ಲೆಕ್ಸು ಗಾಳಿಯನ್ನು ತಡೆದು ದೋಣಿಯ ಹಾಯಿಯಂತೆ ಉಬ್ಬುತ್ತದೆ. ಗಂಟೆಗೆ 72 ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಒಂದು ಚದರ ಮೀಟರಿನ ಮೇಲೆ ಬೀಳುವ ಒತ್ತಡ ಹೆಚ್ಚುಕಡಿಮೆ 24 ಕಿಲೋ ತೂಕಕ್ಕೆ ಸಮ. ಹತ್ತು ಅಡಿಗೆ ಎಂಟು ಅಡಿ ಫ್ಲೆಕ್ಸ್ ಎಂದರೆ ಏಳೂವರೆ ಚದರ ಮೀಟರಿನ ಹತ್ತಿರ. ಅಂದರೆ ಸುಮಾರು 180 ಕಿಲೋ ಭಾರ ಆ ಚೌಕಟ್ಟನ್ನು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಸಂಜೆ ಮಳೆಗೆ ಮೊದಲು ನಮ್ಮಲ್ಲಿ ಏಳುವ ಗಾಳಿಗೆ ನಾಲ್ಕು ಸರ್ವೆ ಕೋಲು, ಒಂದಿಷ್ಟು ಕಟ್ಟುತಂತಿ ಏನು ತಡೆದೀತು? ಮುಂಬೈಯ ಘಾಟ್ಕೋಪರ್‌ನಲ್ಲಿ 2024ರ ಮೇ 13ರಂದು ಅಂಥದೇ ಗಾಳಿಗೆ ಪೆಟ್ರೋಲ್ ಬಂಕಿನ ಮೇಲೆ ಬಿದ್ದ ಹೋರ್ಡಿಂಗ್ 120 ಅಡಿ ಉದ್ದ, 120 ಅಡಿ ಅಗಲ ಇತ್ತು. ಅಲ್ಲಿನ ಪಾಲಿಕೆಯ ಮಿತಿ 40 ಅಡಿಗೆ 40 ಅಡಿ. 17 ಜನ ಸತ್ತರು.

ಅದು ದೊಡ್ಡ ಕಂಪನಿಗಳ ದೊಡ್ಡ ಹೋರ್ಡಿಂಗು, ನಮ್ಮ ಬೀದಿಯ ಬ್ಯಾನರಿಗೂ ಅದಕ್ಕೂ ಏನು ಸಂಬಂಧ ಎನ್ನುವವರು ಚೆನ್ನೈ ಕಡೆ ನೋಡಲಿ. 2019ರ ಸೆಪ್ಟೆಂಬರ್ 12ರಂದು ಪಳ್ಳಿಕರಣೆಯ ರಸ್ತೆಯಲ್ಲಿ ಸ್ಕೂಟರಿನಲ್ಲಿ ಹೋಗುತ್ತಿದ್ದ 23 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಹುಡುಗಿಯ ಮೇಲೆ ಡಿವೈಡರಿಗೆ ಕಟ್ಟಿದ್ದ ಬ್ಯಾನರ್ ಬಿತ್ತು. ರಾಜಕೀಯ ಮುಖಂಡರೊಬ್ಬರ ಮನೆಯ ಮದುವೆಯ ಬ್ಯಾನರ್ ಅದು. ಆಯತಪ್ಪಿ ಬಿದ್ದವಳ ಮೇಲೆ ಹಿಂದಿನಿಂದ ಬಂದ ಟ್ಯಾಂಕರ್ ಹರಿಯಿತು. ನಮ್ಮದೇ ಗದಗ ಜಿಲ್ಲೆಯ ಲಕ್ಷ್ಮೇಶ್ವರ ತಾಲ್ಲೂಕಿನ ಸೂರಣಗಿಯಲ್ಲಿ 2024ರ ಜನವರಿಯಲ್ಲಿ ನಟ ಯಶ್ ಹುಟ್ಟುಹಬ್ಬಕ್ಕೆಂದು ರಾತ್ರಿ ಕಟೌಟ್ ನಿಲ್ಲಿಸುತ್ತಿದ್ದ ಮೂವರು ಯುವಕರು ಅದು ತಂತಿಗೆ ತಗುಲಿ ಸತ್ತರು. ಯಶ್ ಆ ಊರಿಗೇ ಹೋಗಿ ಮನೆಯವರನ್ನು ಕಂಡು, ಬ್ಯಾನರ್ ಕಟ್ಟುವ ಅಭಿಮಾನ ಬೇಡ ಎಂದು ಕೇಳಿಕೊಂಡರು. ಆ ಸುದ್ದಿ ಓದಿದ ದಿನ ನನಗೆ ಅನ್ನ ಇಳಿಯಲಿಲ್ಲ. ಮೂವತ್ತು ವರ್ಷ ತಂತಿಯ ಜೊತೆ ಬದುಕಿದವನಿಗೆ ಆ ರಾತ್ರಿ ಏನಾಗಿರಬಹುದು ಎಂದು ಯಾರೂ ವಿವರಿಸಬೇಕಾಗಿಲ್ಲ.

ಕಾನೂನು ಇಲ್ಲ ಅಂತಲ್ಲ. ಸಾರ್ವಜನಿಕ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲೆಂದೇ ಕರ್ನಾಟಕದಲ್ಲಿ 1981ರ ಕಾಯಿದೆ ಇದೆ. ಸ್ಥಳೀಯ ಸಂಸ್ಥೆಯ ಲಿಖಿತ ಅನುಮತಿ ಇಲ್ಲದೆ ಜಾಹೀರಾತು ಅಂಟಿಸುವುದು, ನಿಲ್ಲಿಸುವುದು, ಬರೆಯುವುದು ಅದರಡಿ ಅಪರಾಧ. ಕಂಬ, ಗೋಡೆ, ಬೇಲಿ, ಮರ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ರಸ್ತೆಯಲ್ಲಿ ಹೋಗುವವರ ಕಣ್ಣಿಗೆ ಕಾಣುವ ಖಾಸಗಿ ಕಟ್ಟಡವೂ ಸೇರಿದೆ. ಆರು ತಿಂಗಳವರೆಗೆ ಸೆರೆ, ಇಲ್ಲವೇ ಒಂದು ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆ ಕಾಯಿದೆಯಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಇಷ್ಟು: ತಾನೇ ಕಟ್ಟಿದವನು ಮಾತ್ರ ಅಲ್ಲ, ಬೇರೆಯವರ ಕೈಯಲ್ಲಿ ಕಟ್ಟಿಸಿದವನೂ ಹೊಣೆಗಾರ. ಏಣಿ ಹತ್ತಿದ ಹುಡುಗನನ್ನು ಹಿಡಿದು ಬೈದು ಕಳಿಸುವುದರಲ್ಲಿ ಅರ್ಥವಿಲ್ಲ. ಬೋರ್ಡಿನ ಮೇಲೆ ಯಾರ ಹೆಸರಿದೆಯೋ, ಯಾರ ಫೋನ್ ನಂಬರಿದೆಯೋ ಅವರನ್ನು ಕೇಳಬೇಕು. ಯಾವ ಅಪರಾಧದಲ್ಲಿ ಹೀಗೆ ಹೆಸರು, ವಿಳಾಸ, ನಂಬರು, ಕೆಲವೊಮ್ಮೆ ಭಾವಚಿತ್ರವೂ ಸಿಗುತ್ತದೆ ಹೇಳಿ?

ಪರಿಸರದ ಕಡೆಯಿಂದಲೂ ನಿಷೇಧ ಇದೆ. 2016ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಪ್ಲಾಸ್ಟಿಕ್ ಕೈಚೀಲಗಳ ಜೊತೆಗೆ ಪ್ಲಾಸ್ಟಿಕ್ ಬ್ಯಾನರ್, ಬಂಟಿಂಗ್, ಫ್ಲೆಕ್ಸ್‌ಗಳನ್ನೂ ನಿಷೇಧಿಸಿತು. ಫ್ಲೆಕ್ಸ್ ಎಂದರೆ ಪಾಲಿಯೆಸ್ಟರ್ ಬಲೆಯ ಮೇಲೆ ಪಿವಿಸಿ ಲೇಪನ. ಎರಡನ್ನೂ ಬಿಡಿಸುವುದು ಕಷ್ಟವಾದ್ದರಿಂದ ಗುಜರಿಯವರೂ ಕೊಳ್ಳುವುದಿಲ್ಲ. ಸುಟ್ಟರೆ ಕಣ್ಣು, ಎದೆ ಉರಿಸುವ ಆಮ್ಲದ ಹೊಗೆ ಬರುತ್ತದೆ.

ಮನಸ್ಸು ಮಾಡಿದರೆ ಆಗುತ್ತದೆ ಎಂಬುದನ್ನು ಬೆಂಗಳೂರು ಒಮ್ಮೆ ಕಣ್ಣಾರೆ ನೋಡಿದೆ. 2018ರ ಆಗಸ್ಟ್ 1ರಂದು ಮುಖ್ಯ ನ್ಯಾಯಮೂರ್ತಿ ದಿನೇಶ್ ಮಾಹೇಶ್ವರಿಯವರಿದ್ದ ಹೈಕೋರ್ಟ್ ಪೀಠ ಅಕ್ರಮ ಫ್ಲೆಕ್ಸುಗಳ ಬಗ್ಗೆ ಪಾಲಿಕೆಯನ್ನು ಗಟ್ಟಿಯಾಗಿ ತರಾಟೆಗೆ ತೆಗೆದುಕೊಂಡಿತು. ಅಂದೇ ಸಾವಿರಾರು ಫ್ಲೆಕ್ಸುಗಳು ಇಳಿದವು. ಆ ತಿಂಗಳ 6ರಂದು ಪಾಲಿಕೆಯ ಸಭೆ ಒಂದು ವರ್ಷ ಹೊರಾಂಗಣ ಜಾಹೀರಾತೇ ಬೇಡ ಎಂದು ನಿರ್ಣಯಿಸಿತು. ಆ ಕೆಲವು ತಿಂಗಳು ನಮ್ಮ ಸರ್ಕಲ್ಲಿನಲ್ಲಿ ಎದುರಿನಿಂದ ತಿರುಗುವ ಬಸ್ಸು ಪೂರ್ತಿ ಕಾಣುತ್ತಿತ್ತು. ನ್ಯಾಯಾಲಯದ ಕಣ್ಣು ಸ್ವಲ್ಪ ಆಚೆ ಹೊರಳಿದ್ದೇ ಮತ್ತೆ ಒಂದೊಂದಾಗಿ ಬಂದವು. ಕೋರ್ಟ್ ಪ್ರತಿ ಬೀದಿಯಲ್ಲೂ ನಿಂತು ಕಾಯಲಾರದು. ಬೀದಿಯಲ್ಲಿ ಇರುವವರು ನಾವು.

ನಾನು ಮಾಡಲು ಶುರುಮಾಡಿದ್ದು ಬಹಳ ಸರಳ ಕೆಲಸ. ಬೋರ್ಡಿನಲ್ಲಿರುವ ನಂಬರಿಗೇ ಫೋನ್ ಮಾಡುವುದು. ಮೊದಲು ಮಾತಾಡಿದ್ದು ಒಂದು ಟ್ಯೂಷನ್ ಸೆಂಟರಿನವರ ಜೊತೆ.

“ಸಾರ್, ನಿಮ್ಮ ಬೋರ್ಡು ನಮ್ಮ ಕ್ರಾಸಿನ ಕಂಬದಲ್ಲಿದೆ.”

“ಅಡ್ಮಿಷನ್ನಾ ಸಾರ್? ಯಾವ ಕ್ಲಾಸು?”

“ಅಡ್ಮಿಷನ್ ಅಲ್ಲ. ಅದು ಸರ್ವಿಸ್ ವೈರಿಗೆ ತಗುಲ್ತಾ ಇದೆ. ತೆಗೆಸಬೇಕಿತ್ತು.”

“ನೀವು ಕಾರ್ಪೊರೇಷನ್ನವರಾ?”

“ಅಲ್ಲ, ಇದೇ ರಸ್ತೆಯವನು. ಲೈನ್‌ಮನ್ ಆಗಿದ್ದೆ.”

ಸ್ವಲ್ಪ ಹೊತ್ತು ಆ ಕಡೆ ಮಾತಿರಲಿಲ್ಲ. “ಕಟ್ಟೋರಿಗೆ ಕಾಂಟ್ರ್ಯಾಕ್ಟ್ ಕೊಟ್ಟಿದ್ವಿ ಸಾರ್, ಎಲ್ಲಿ ಕಟ್ಟಿದಾರೆ ನಮಗೇ ಗೊತ್ತಿಲ್ಲ” ಎಂದರು. ಫೋಟೋ ಕಳಿಸಿದೆ. ಮಾರನೆಯ ದಿನ ಬೋರ್ಡು ಇರಲಿಲ್ಲ. ಎಲ್ಲರೂ ಹೀಗೆ ಒಪ್ಪುತ್ತಾರೆ ಎನ್ನಲಾರೆ. ‘ಊರಲ್ಲೆಲ್ಲಾ ಇದೆ, ನಮ್ಮದೊಂದೇ ಕಾಣ್ಸುತ್ತಾ’ ಎಂದು ರೇಗುವವರು ಉಂಟು, ಫೋನ್ ಕುಕ್ಕುವವರು ಉಂಟು. ಆದರೂ ಹೆಚ್ಚಿನವರಿಗೆ ತಮ್ಮ ಬೋರ್ಡು ತಂತಿಗೆ ಎಷ್ಟು ಹತ್ತಿರ ಇದೆ ಎಂಬ ಅಂದಾಜೇ ಇರುವುದಿಲ್ಲ. ಒಂದು ಪಿ.ಜಿ.ಯ ಒಡತಿ ತಾವೇ ಬಂದು ನೋಡಿ, “ಅಯ್ಯೋ, ನಮ್ಮ ಹುಡುಗೀರು ಇದರ ಕೆಳಗೇ ಓಡಾಡ್ತಾರಲ್ಲಣ್ಣ” ಎಂದು ಅಲ್ಲಿಂದಲೇ ಕಟ್ಟಿಸಿದವನಿಗೆ ಫೋನ್ ಮಾಡಿದರು.

ಮಾತಿಗೆ ಬಗ್ಗದಿದ್ದರೆ ದೂರು. ಬೆಂಗಳೂರಿನಲ್ಲಿ ಪಾಲಿಕೆಯ ಸಹಾಯವಾಣಿ 1533 ಇದೆ. ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಐದು ಪಾಲಿಕೆಗಳು ಬಂದಿರುವುದರಿಂದ ನಿಮ್ಮ ರಸ್ತೆ ಯಾವ ಪಾಲಿಕೆಗೆ ಸೇರಿದೆ ಎಂದು ಮೊದಲು ತಿಳಿದುಕೊಳ್ಳಿ. ಬೋರ್ಡು ಕರೆಂಟ್ ಕಂಬದ ಮೇಲಿದ್ದರೆ 1912ಕ್ಕೂ ಹೇಳಿ. ಬೇರೆ ಊರುಗಳಲ್ಲಿ ನಗರಸಭೆ, ಪುರಸಭೆಗೆ ಬರೆದುಕೊಡಿ. ಎರಡು ಫೋಟೋ ತೆಗೆಯಿರಿ. ಒಂದರಲ್ಲಿ ಬೋರ್ಡಿನ ಹೆಸರು, ನಂಬರು ಓದುವಂತಿರಲಿ. ಇನ್ನೊಂದರಲ್ಲಿ ಕಂಬ ಪೂರ್ತಿ ಬಂದು ಹಿಂದಿನ ಅಂಗಡಿಯೋ ಮನೆಯೋ ಕಾಣಲಿ. ಕಂಬದ ಮೇಲೆ ಬಣ್ಣದಲ್ಲಿ ನಂಬರ್ ಬರೆದಿದ್ದರೆ ಅದನ್ನು ತಪ್ಪದೆ ಹಾಕಿ, ಆಗ ಲೈನಿನವರು ಹುಡುಕಾಡಬೇಕಾಗಿಲ್ಲ. ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಬರೀ ತೆಗೆಸಿ ಎನ್ನಬೇಡಿ, ಹಾಕಿಸಿದವರ ಮೇಲೆ ದಂಡ ಹಾಕಿ ಎಂದು ಬರೆಯಿರಿ. ತೆಗೆದು ಲಾರಿಗೆ ತುಂಬಿಕೊಂಡು ಹೋದರೆ ಹಾಕಿಸಿದವನಿಗೆ ಒಂದು ಫ್ಲೆಕ್ಸಿನ ದುಡ್ಡಷ್ಟೇ ನಷ್ಟ.

ಒಂದು ಮಾತನ್ನು ಕೈಮುಗಿದು ಹೇಳುತ್ತೇನೆ. ಕಂಬದಿಂದ ನೀವೇ ಕೀಳಲು ಹೋಗಬೇಡಿ. ಸಿಟ್ಟಿಗೆ ಜಗ್ಗಿದಾಗ ಕಟ್ಟುತಂತಿ ಕಿತ್ತು ಮೇಲಕ್ಕೆ ಚಿಮ್ಮುವುದನ್ನು ನಾನು ಕಂಡಿದ್ದೇನೆ. ಮರದ ಕೋಲಿದ್ದರೆ ಶಾಕ್ ಹೊಡೆಯುವುದಿಲ್ಲ ಎಂಬ ನಂಬಿಕೆ ಬೇಡ, ಒದ್ದೆ ಕೋಲಿನಲ್ಲಿ ಕರೆಂಟ್ ಹರಿಯುತ್ತದೆ. ಮಳೆಯಲ್ಲಿ ಕಂಬವನ್ನೇ ಮುಟ್ಟಬೇಡಿ, ಮಕ್ಕಳಿಗೂ ಹೇಳಿ. ಮರಕ್ಕೆ ಹೊಡೆದ ಬೋರ್ಡು ಬೇರೆ. ಬೆಂಗಳೂರಿನ ಯುವಕರು ಕೆಲ ವರ್ಷಗಳ ಹಿಂದೆ ಮರಗಳಿಂದ ಮೊಳೆ ಕೀಳುವ ಅಭಿಯಾನವನ್ನೇ ನಡೆಸಿದರು. ಅಂಥ ಗುಂಪು ನಿಮ್ಮಲ್ಲೂ ಇದ್ದರೆ ಕೂಡಿಕೊಳ್ಳಿ, ಆದರೆ ರೆಂಬೆಗಳ ನಡುವೆ ತಂತಿ ಹಾದಿದೆಯೇ ಎಂದು ಮೊದಲು ನೋಡಿ.

ನಮ್ಮ ಬಡಾವಣೆ ಸಂಘದಲ್ಲಿ ಇದನ್ನು ಚರ್ಚಿಸುವಾಗ ಒಬ್ಬರು ಎತ್ತಿದ ಪ್ರಶ್ನೆ ನನ್ನನ್ನು ತಡೆದು ನಿಲ್ಲಿಸಿತು. ಬ್ಲೌಸ್ ಹೊಲಿಯುವ ಹೆಣ್ಣುಮಗಳು, ಮನೆಯಲ್ಲೇ ಊಟ ಮಾಡಿ ಕೊಡುವವರು ಗಿರಾಕಿಗಳಿಗೆ ಗೊತ್ತಾಗುವುದು ಹೇಗೆ? ಪೇಪರ್ ಜಾಹೀರಾತು ಅವರ ಕೈಗೆಟುಕದು. ಅವರ ಒಂದಡಿ ರಟ್ಟನ್ನೂ ಸರ್ಕಲ್ಲಿನ ಇಪ್ಪತ್ತಡಿ ಫ್ಲೆಕ್ಸನ್ನೂ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಮನಸ್ಸು ಬರಲಿಲ್ಲ. ಆದರೆ ಹತ್ತುವವನ ಬೆಲ್ಟಿಗೆ ಅಡ್ಡ ಬರುವುದು ಆ ರಟ್ಟೂ ಹೌದು. ಕೊನೆಗೆ ಸಂಘದ ಕಟ್ಟಡದ ಒಳಗೋಡೆಗೆ ಒಂದು ಹಲಗೆ ಹಾಕಿ, ಬಡಾವಣೆಯವರು ಯಾರೇ ಆಗಲಿ ಚೀಟಿ ಅಂಟಿಸಬಹುದು ಎಂದೆವು. ಟ್ಯೂಷನ್, ಟೈಲರಿಂಗ್, ಬಾಡಿಗೆ ಮನೆ ಎಲ್ಲ ಈಗ ಅಲ್ಲಿಗೆ ಬರುತ್ತಿವೆ. ಬೆಳಿಗ್ಗೆ ವಾಕಿಂಗ್ ಮುಗಿಸಿದವರು ನಿಂತು ಓದುತ್ತಾರೆ. ಪ್ರತಿ ವಾರ್ಡಿನಲ್ಲೂ ಪಾಲಿಕೆಯೇ ಇಂಥ ಹಲಗೆಗಳನ್ನು ಹಾಕಿ, ಅನುಮತಿಯನ್ನೂ ಪುಕ್ಕಟೆ ಕೊಟ್ಟರೆ ಅರ್ಧ ಕಂಬಗಳು ಖಾಲಿಯಾಗುತ್ತವೆ ಎಂಬುದು ನನ್ನ ನಂಬಿಕೆ.

ಹುಟ್ಟುಹಬ್ಬದ ಫ್ಲೆಕ್ಸುಗಳೇ ದೊಡ್ಡ ಕಗ್ಗಂಟು. ಅಲ್ಲಿ ಫೋನ್ ನಂಬರ್ ಇರುವುದಿಲ್ಲ, ಮುಖಗಳಿರುತ್ತವೆ. ಹೋದ ಸಲ ಸರ್ಕಲ್ಲಿನ ಟ್ರಾನ್ಸ್‌ಫಾರ್ಮರ್ ಪಕ್ಕದಲ್ಲೇ ಚೌಕಟ್ಟು ನಿಲ್ಲಿಸುತ್ತಿದ್ದ ಹುಡುಗನೊಬ್ಬನನ್ನು ಮಾತಾಡಿಸಿದೆ.

“ಅಣ್ಣೋರ ಬರ್ತ್‌ಡೇ ಅಂಕಲ್, ಎರಡೇ ದಿನ.”

“ಅಣ್ಣೋರ ವಿಷಯ ಬಿಡಪ್ಪ. ಮೇಲೆ ನೋಡು, ಆ ಜಂಪರ್ ತಂತಿಗೂ ನಿನ್ನ ಚೌಕಟ್ಟಿಗೂ ಎಷ್ಟು ಜಾಗ ಇದೆ? ಅದರಲ್ಲಿ ಹನ್ನೊಂದು ಸಾವಿರ ವೋಲ್ಟ್ ಇದೆ.”

ಅವನು ಮೇಲೆ ನೋಡಿದ. ಕೋಲು ಹಿಡಿದಿದ್ದ ಇನ್ನಿಬ್ಬರೂ ನೋಡಿದರು. ಚೌಕಟ್ಟನ್ನು ಹೊತ್ತು ರಸ್ತೆಯ ಆಚೆ ಬದಿಗೆ ಹೋದರು. ಫ್ಲೆಕ್ಸು ನಿಂತಿತು, ಅಕ್ರಮವೂ ಹಾಗೇ ಉಳಿಯಿತು. ದೂರನ್ನೂ ಕೊಟ್ಟೆ. ಅದು ಇಳಿದದ್ದು ಹುಟ್ಟುಹಬ್ಬ ಮುಗಿದು ವಾರದ ಮೇಲೆ.

ಈಗ ಗಣೇಶನ ಹಬ್ಬ ಹತ್ತಿರ ಬರುತ್ತಿದೆ. ಪೆಂಡಾಲಿಗೆ ಅನುಮತಿ ಕೊಡುವಾಗ ಸಮಿತಿಯವರ ಹೆಸರು, ಫೋನ್ ನಂಬರ್ ಹೇಗಿದ್ದರೂ ಬರೆಸಿಕೊಳ್ಳುತ್ತಾರೆ. ಕಂಬಕ್ಕೆ, ಟ್ರಾನ್ಸ್‌ಫಾರ್ಮರಿನ ಹತ್ತಿರ ಏನನ್ನೂ ಕಟ್ಟುವುದಿಲ್ಲ, ಕಟ್ಟಿದರೆ ದಂಡ ನಾವೇ ತೆರುತ್ತೇವೆ ಎಂದು ಅದೇ ಅರ್ಜಿಯಲ್ಲಿ ಒಂದು ಸಾಲು ಸೇರಿಸಿ ಎಂದು ಸಂಘದಿಂದ ವಾರ್ಡ್ ಆಫೀಸಿಗೆ ಪತ್ರ ಕೊಟ್ಟಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಸೋಮವಾರ ನಾನೂ ಕಾರ್ಯದರ್ಶಿಗಳೂ ಸರ್ಕಲ್ಲಿನ ಫೋಟೋಗಳನ್ನು ತೆಗೆದುಕೊಂಡು ಎಂಜಿನಿಯರನ್ನು ಕಾಣಲು ಹೋಗುತ್ತಿದ್ದೇವೆ.